ಭರತದ ಹೊತ್ತಿನ ಹಾಜರಿ

ಕಸದ ಚೀಲದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಅದು ತಿಳಿಯದಿದ್ದರೆ ಸರಕಾರದ ನಮ್ಮ ಯುವಜನ ಕಾರ್ಯಕ್ರಮ ನಡೆಯುವ ರೀತಿ ಯಾರಿಗೂ ಅರ್ಥವಾಗುವುದಿಲ್ಲ. ಕುಮಟಾ ತಾಲೂಕಿನ ಒಂದು ಯುವಕ ಮಂಡಳದವರು ತಮ್ಮ ಸಾಮಾನಿನ ಕೋಣೆಯಲ್ಲಿ ಒಂದು ಗೋಣಿಚೀಲದ ತುಂಬ ಒಣಗಿದ ಗೇರೆಲೆ, ಪ್ಲಾಸ್ಟಿಕ್ ಲೋಟ, ಗುಟ್ಕಾ ಚೀಟಿ ತುಂಬಿ ಇಟ್ಟಿದ್ದರು. ಶ್ರಮದಾನದ ದಿನ ಬೆಳಿಗ್ಗೆ ಅದನ್ನು ಮೈದಾನದಲ್ಲಿ ಸುರುವುತ್ತಿದ್ದರು. ಹಿಡಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಹೊಸ ಪೊರಕೆ ಹಿಡಿದು ಸಾಲಾಗಿ ಬಗ್ಗುತ್ತಿದ್ದರು. ಫೋಟೋ ಆದ ಮೇಲೆ ಆ ಕಸವನ್ನು ಜೋಪಾನವಾಗಿ ಮತ್ತೆ ಚೀಲಕ್ಕೆ ತುಂಬಿ ಮುಂದಿನ ಶ್ರಮದಾನಕ್ಕೆ ಎತ್ತಿಡುತ್ತಿದ್ದರು. ಮೈದಾನ ನಿಜಕ್ಕೂ ಕೊಳಕಾಗಿತ್ತು. ಆದರೆ ಕೊಳಕು ಇದ್ದದ್ದು ಮೂಲೆಯಲ್ಲಿ, ಅಲ್ಲಿ ಫೋಟೋಕ್ಕೆ ಬೆಳಕು ಸಾಲುತ್ತಿರಲಿಲ್ಲ. ಈ ಮಂಡಳಕ್ಕೆ ಸಾಲಾಗಿ ಎರಡು ವರ್ಷ ಜಿಲ್ಲಾ ಪ್ರಶಸ್ತಿ ಬಂದಿದೆ.

ಅದರ ಅಧ್ಯಕ್ಷರದು ಮೀಸೆಗೆ ಬಣ್ಣ ಹಚ್ಚಿಕೊಳ್ಳುವ ವಯಸ್ಸು. ದಾಖಲೆಯಲ್ಲಿ ಇಪ್ಪತ್ತೊಂಬತ್ತು. ನಾನು ಕೆಲಸಕ್ಕೆ ಸೇರಿದಾಗಲೂ ಇಪ್ಪತ್ತೊಂಬತ್ತೇ ಇತ್ತು. ಶಾಮಿಯಾನ ಬಾಡಿಗೆಗೆ ಕೊಡುವುದು ಅವರ ಕಸುಬು, ಹಾಗಾಗಿ ಊರಿನಲ್ಲಿ ಯಾವ ಸಮಾರಂಭವಾದರೂ ಅವರಿಗೆ ಎರಡು ಬಗೆಯಲ್ಲಿ ಸಂತೋಷ.

ನಾನು ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳ ಹಳ್ಳಿ ಮಂಡಳಗಳನ್ನು ನೋಡಿಕೊಳ್ಳುವ ಸಂಯೋಜಕಿ. ಹೆಸರು ದೊಡ್ಡದು, ಕೆಲಸ ಇಷ್ಟೇ: ಹೊನ್ನಾವರದ ಬಾಡಿಗೆ ಕಚೇರಿಯಿಂದ ಸ್ಕೂಟರಿನಲ್ಲಿ ಬ್ಯಾನರ್ ಹೊತ್ತು ತಿರುಗುವುದು. ಮುರ್ಡೇಶ್ವರದ ಕಡೆ ಬೆಳಿಗ್ಗೆ ಕಟ್ಟಿದ ಬ್ಯಾನರನ್ನೇ ಮಧ್ಯಾಹ್ನ ಕತಗಾಲದಲ್ಲಿ ಕಟ್ಟಬೇಕು. ಊರಿನ ಹೆಸರಿರುವ ಜಾಗಕ್ಕೆ ಬೇರೆ ಚೀಟಿ ಅಂಟಿಸಿದರೆ ಆತು. ಮಂಡಳವೊಂದು ವರ್ಷಕ್ಕೆ ನಾಲ್ಕು ಕಡ್ಡಾಯ ಕಾರ್ಯಕ್ರಮ ಮಾಡಬೇಕು. ಒಂದನ್ನು ತಪ್ಪಿಸಿದರೆ ಕ್ಷಮೆಯಿದೆ, ಎರಡನೆಯದು ತಪ್ಪಿದರೆ ಮಾನ್ಯತೆ ಹೋಗುತ್ತದೆ. ಕಾರ್ಯಕ್ರಮ ಆಯಿತೆಂದರೆ ಏನು? ಅರ್ಧಕ್ಕಿಂತ ಹೆಚ್ಚು ಸದಸ್ಯರ ಮುಖ ನನ್ನ ಇಲ್ಲವೇ ಮಂಡಳದ ಪದಾಧಿಕಾರಿಯ ಮೊಬೈಲಿನ ಆ್ಯಪಿನಲ್ಲಿ ಬೀಳುವುದು. ಮುಖ ಬೀಳುವಾಗ ಅವರು ಕಣ್ಣು ಮಿಟುಕಿಸಬೇಕು, ಇಲ್ಲದಿದ್ದರೆ ಅದು ಫೋಟೋದ ಫೋಟೋ ಎಂದು ಆ್ಯಪು ಅನುಮಾನಿಸುತ್ತದೆ. ಜೊತೆಗೆ ಅವರು ಮಂಡಳದ ಹೆಸರಿನಲ್ಲಿ ನಕ್ಷೆಯ ಮೇಲೆ ಗುರುತು ಹಾಕಿದ ವೃತ್ತದೊಳಗೆ ನಿಂತಿರಬೇಕು, ಹೊತ್ತು ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯ ನಡುವೆ ಇರಬೇಕು. ಅವರು ಅಲ್ಲಿ ಏನು ಮಾಡಿದರು ಎಂದು ಆ್ಯಪು ಕೇಳುವುದಿಲ್ಲ. ಕಚೇರಿಯೂ ಕೇಳಿದ್ದು ನನಗೆ ನೆನಪಿಲ್ಲ.

ಆ ವರ್ಷ ಜೂನ್ ತಿಂಗಳಲ್ಲಿ ಯೋಗ ದಿನದ ಹಾಜರಿಯಲ್ಲಿ ಒಂದೇ ಒಂದು ಮಂಡಳ ಪೂರ್ತಿ ಸೊನ್ನೆ ತೋರಿಸಿತು. ಪ್ರಶಸ್ತಿ ಮಂಡಳದ್ದೇ ಪಂಚಾಯಿತಿ, ಆದರೆ ಹೊಳೆಯಂಚಿನ ವಾರ್ಡು. ಅಲ್ಲಿ ಗಜನಿ ಗದ್ದೆಗಳಿವೆ, ಅಂದರೆ ಸಮುದ್ರದ ನೀರು ಹೊಳೆಯಲ್ಲಿ ಏರಿ ಬರುವ ಕಡೆ ದಂಡೆ ಕಟ್ಟಿ ಭತ್ತ ಬೆಳೆಯುವ ಗದ್ದೆಗಳು. ಕಾರಣ ಕೇಳಿ ವರದಿ ಹಾಕಿ ಎಂದು ಜಿಲ್ಲೆಯ ನಮ್ಮ ಅಧಿಕಾರಿ ಆದೇಶಿಸಿದರು. ನಾನು ಮೂಗು ಮುರಿಯುತ್ತಲೇ ಹೋದೆ. ಇನ್ನೊಂದು ಸೋಮಾರಿ ಮಂಡಳ ಇರಬೇಕು ಎಂದುಕೊಂಡಿದ್ದೆ.

ಬೆಳಿಗ್ಗೆ ಬೇಗ ಬನ್ನಿ ಎಂದು ಆ ಮಂಡಳದ ಕಾರ್ಯದರ್ಶಿ ಫೋನಿನಲ್ಲಿ ಹೇಳಿದ್ದಳು. ಇಪ್ಪತ್ತೆರಡರ ಹುಡುಗಿ, ಪದವಿ ಮುಗಿಸಿ ಕುಮಟಾದ ಬಟ್ಟೆ ಅಂಗಡಿಯಲ್ಲಿ ಮಧ್ಯಾಹ್ನದಿಂದ ಕೆಲಸ ಮಾಡುತ್ತಿದ್ದಳು. ನಾನು ಹೋದಾಗ ದಂಡೆಯ ಮೇಲೆ ಊರೇ ನಿಂತಿತ್ತು. ನೀರು ಇಳಿದು ಕೆಸರು ಕಾಣುತ್ತಿತ್ತು. ಊರಗೌಡರು ಒಂದು ಕಲ್ಲಿನ ಮೇಲೆ ಕೂತು ಒಂದೊಂದೇ ಮನೆಯ ಹೆಸರು ಕೂಗಿದರು. ಆ ಮನೆಯಿಂದ ಬಂದವರು "ಬಂದೆ" ಎಂದರು. ಪ್ರತಿ ಮನೆಗೂ ಒಂದೇ ಕೂಗು. ಕೊನೆಯ ಹೆಸರು ಕೂಗಿ ಮುಗಿಯುವಾಗ ಒಬ್ಬ ಯುವಕ ಓಡುತ್ತ ಬಂದ. ಗೌಡರು ಅವನ ಕಡೆ ನೋಡಲೂ ಇಲ್ಲ.

"ಅವ್ನು ಬಂದ ಅಲ್ದಾ, ಸೇರ್ಸಿಕೊಳ್ಳಿ," ಎಂದೆ ನಾನು.

"ಗೌಡ್ರು ಕೂಗಿ ಆತು ಅಕ್ಕೋರೆ. ಈಗ ಅಂವ ಕೆಲ್ಸ ಮಾಡ್ಬಹುದು, ಹಾಜ್ರಿ ಇಲ್ಲ," ಎಂದಳು ಕಾರ್ಯದರ್ಶಿ. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಕೈಯಲ್ಲಿ ಕಾಗದವಿರುವ ಹೆಂಗಸರೆಲ್ಲ ಅವರಿಗೆ ಅಕ್ಕೋರೇ.

ದಂಡೆಯ ನಡುವೆ ಒಂದು ಬಾಯಿ ಇತ್ತು. ಅದಕ್ಕೆ ಜಂತ್ರಡಿ ಎನ್ನುತ್ತಾರೆ. ಎರಡು ಕಂಬಗಳಲ್ಲಿ ಕೊರೆದ ಕಚ್ಚಿನಲ್ಲಿ ಒಂದರ ಮೇಲೊಂದು ಹಲಗೆ ಇಳಿಬಿಟ್ಟು ಸಂದಿಗೆ ಹುಲ್ಲು, ಜೇಡಿ ಮಣ್ಣು ಮೆತ್ತಿರುತ್ತಾರೆ. ಇಳಿತದಲ್ಲಿ ಹಲಗೆ ಎತ್ತಿ ಗದ್ದೆಯ ಹೆಚ್ಚಿನ ನೀರನ್ನು ಹೊಳೆಗೆ ಬಿಡುವುದು, ಭರತ, ಅಂದರೆ ಉಬ್ಬರ, ಏರುವ ಮೊದಲು ಹಲಗೆ ಹಾಕಿ ಉಪ್ಪುನೀರನ್ನು ತಡೆಯುವುದು. ಇದನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಪಾಳಿ ಮನೆಮನೆಗೂ ಬರುತ್ತದೆ. ಪಾಳಿ ಹಿಡಿಯುವವರೇ ಮಂಡಳದ ಸದಸ್ಯರು. ಇಳಿತದ ಹೊತ್ತು ದಿನದಿನಕ್ಕೂ ಜರುಗುತ್ತದೆ. ಯೋಗ ದಿನದಂದು ಹತ್ತೂವರೆಗೆ ಅವರೆಲ್ಲ ಸೊಂಟದ ತನಕ ಕೆಸರಿನಲ್ಲಿದ್ದರು, ನಮ್ಮ ವೃತ್ತ ದೂರದ ಪಂಚಾಯಿತಿ ಕಚೇರಿಯ ಸುತ್ತ ಇತ್ತು. ಆ ವೃತ್ತ ಹಾಕಿದವಳು ನಾನೇ. ಎಲ್ಲ ಮಂಡಳಗಳಿಗೂ ಹೊನ್ನಾವರದ ಕುರ್ಚಿಯಲ್ಲಿ ಕೂತು ಆಯಾ ಪಂಚಾಯಿತಿಯ ಮೇಲೆ ಬೆರಳಿಟ್ಟಿದ್ದೆ.

ಜಂತ್ರಡಿಯ ಪಕ್ಕ ಪಂಚಾಯಿತಿಯ ಒಂದು ಕೋಣೆ. ಹೆಂಚಿನ ಮಾಡು, ಒಂದು ಬಲ್ಬು, ಮೂಲೆಯಲ್ಲಿ ಹಲಗೆ, ಹಗ್ಗ, ಗುದ್ದಲಿ. ಪಾಳಿಯವರು ರಾತ್ರಿ ಅಲ್ಲೇ ಕೂರುತ್ತಾರೆ, ಓದುವವರು ಓದುತ್ತಾರೆ. ಆ ಕೋಣೆ ವಾರ್ಡಿನಲ್ಲಿ ಮಾನ್ಯತೆ ಇರುವ ಯುವ ಮಂಡಳಕ್ಕೆ ಎಂದು ಪಂಚಾಯಿತಿ ಠರಾವು ಮಾಡಿದೆ. ಇವರ ಮಾನ್ಯತೆ ಹೋದರೆ ಕೋಣೆ ಪಕ್ಕದ ಮಾನ್ಯ ಮಂಡಳಕ್ಕೆ ಹೋಗುತ್ತದೆ. ಅದು ಯಾವುದೆಂದು ಹೇಳಬೇಕಾಗಿಲ್ಲ. ಶಾಮಿಯಾನದ ಕಂಬ ಇಡಲು ಅಧ್ಯಕ್ಷರಿಗೆ ಜಾಗ ಬೇಕಿತ್ತು.

"ಕೋಣೆ ಹೋದ್ರೆ ಗಂಡಸ್ರು ಮಾಡು ಇಲ್ದೆ ಹ್ಯಾಂಗೋ ಕೂರ್ತಾರೆ," ಎಂದಳು ಕಾರ್ಯದರ್ಶಿ. "ಹೆಣ್ಮಕ್ಕಳು ಬಯ್ಲಲ್ಲಿ ರಾತ್ರಿ ಕೂರೂದು ಬ್ಯಾಡ ಹೇಳಿ ಊರವ್ರು ಹೇಳ್ತಾರೆ. ನಮ್ಮನೇಲಿ ಗಂಡಸ್ರಿಲ್ಲ. ಅಪ್ಪ ತೀರ್ಕೊಂಡ, ಆಯಿಗೆ ಮೊಣಕಾಲು ನೋವು. ಪಾಳಿ ಹಿಡೂದು ನಾನು. ಪಾಳಿ ತಪ್ಪಿದ ಮನಿ ಹೆಸ್ರು ಗೌಡ್ರು ಕೂಗೂದೇ ಇಲ್ಲ ಅಕ್ಕೋರೆ. ಗದ್ದೆ ನಮ್ದು ಇದ್ದೂ ಇಲ್ದ ಹಾಂಗೆ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಗೇರೆಲೆಯ ಚೀಲಕ್ಕೆ ಪ್ರಶಸ್ತಿ ಕೊಟ್ಟ ನಾವು ಈ ಹುಡುಗಿಯ ಹತ್ತಿರ ಕಾರಣ ಕೇಳಲು ಬಂದಿದ್ದೆವು.

ಅಧಿಕಾರಿಯ ಎದುರು ಹೋಗಿ ನಿಂತೆ. ಅವರು ಬಯಲುಸೀಮೆಯವರು, ಕರಾವಳಿಗೆ ಬಂದು ಮೂರು ವರ್ಷವಾದರೂ ಸಮುದ್ರವನ್ನು ಹೋಟೆಲಿನ ಕಿಟಕಿಯಿಂದಷ್ಟೇ ನೋಡಿದವರು. ಗಜನಿ ಮಂಡಳಕ್ಕೆ ಹಾಜರಿಯ ಹೊತ್ತನ್ನು ಇಳಿತಕ್ಕೆ ಹೊಂದಿಸಿಕೊಡಿ, ವೃತ್ತವನ್ನು ಜಂತ್ರಡಿಗೆ ಸರಿಸಲು ಒಪ್ಪಿಗೆ ಕೊಡಿ ಎಂದೆ.

"ನೋಡಿ ಮೇಡಂ, ಮಾರ್ಗಸೂಚಿಯಲ್ಲಿ ಇಳಿತ, ಭರತ ಅಂತ ಎಲ್ಲೂ ಇಲ್ಲ," ಎಂದರು. "ನಾಳೆ ಇನ್ನೊಬ್ಬರು ಬಂದು ನಮ್ಮೂರಲ್ಲಿ ಸೂರ್ಯ ತಡವಾಗಿ ಹುಟ್ತಾನೆ ಅಂತಾರೆ."

"ಕೆಲಸ ನಡೀತಿದೆ ಸಾರ್. ನಾನು ಕಣ್ಣಾರೆ ನೋಡಿದ್ದೇನೆ."

"ಕೆಲಸ ನಡೀತಿದ್ರೆ ಬ್ಯಾನರ್ ಎಲ್ಲಿ?"

ಕೆಸರಿನಲ್ಲಿ ಬ್ಯಾನರ್ ಕಟ್ಟಲು ಅವರಿಗೆ ಕೈ ಬಿಡುವಿಲ್ಲ ಎಂದಿದ್ದರೆ ಅಧಿಕಾರಿ ಅದನ್ನೂ ಮಾರ್ಗಸೂಚಿಯಲ್ಲಿ ಹುಡುಕುತ್ತಿದ್ದರು. ವೃತ್ತ ಸರಿಸಲು ನನ್ನ ಆ್ಯಪಿನಲ್ಲೇ ಅವಕಾಶವಿತ್ತು, ಆದರೆ ಅಧಿಕಾರಿಯ ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟಬಾರದೆಂಬುದು ನಿಯಮ. ಮುಟ್ಟಿದವರ ಗುತ್ತಿಗೆ ನವೀಕರಣವಾಗುವುದಿಲ್ಲ. ನಾನು ಹೊರಗೆ ಬಂದೆ.

ಮುಂದಿನ ಕಡ್ಡಾಯ ಕಾರ್ಯಕ್ರಮ ಗಾಂಧಿ ಜಯಂತಿಯ ಶ್ರಮದಾನ. ಗಜನಿ ಮಂಡಳಕ್ಕೆ ಅದು ತಪ್ಪುವಂತಿರಲಿಲ್ಲ. ಈ ಮಾತು ಹೇಗೋ ಪ್ರಶಸ್ತಿ ಮಂಡಳದ ಅಧ್ಯಕ್ಷರ ಕಿವಿಗೆ ಬಿತ್ತು. ಅವರು ನನ್ನನ್ನು ಹುಡುಕಿಕೊಂಡು ಕಚೇರಿಗೆ ಬಂದರು.

"ಮೇಡಂ, ಜಂಟಿ ಕಾರ್ಯಕ್ರಮ ಮಾಡುವ. ನಾವೂ ಅವ್ರೂ ಸೇರಿ ಜಂತ್ರಡಿ ಹತ್ರ. ಸಾಹೇಬ್ರನ್ನೂ ಕರೆಯುವ. ಹಿಂದೆ ಹೊಳೆ, ಗುಡ್ಡ, ಮುಂದೆ ಭತ್ತ. ಎಂತಾ ಫೋಟೋ ಬರ್ತದೆ ಗೊತ್ತುಂಟಾ?"

"ಶ್ರಮದಾನ ಯಾವುದು ಮಾಡ್ತೀರಿ?"

"ಅದೆಂತ ಅಲ್ಲೇ ಏನಾದ್ರೂ ಇರ್ತದಲ್ಲ. ಇಲ್ಲದಿದ್ರೆ ನಮ್ಮ ಚೀಲ ಅದೆ," ಎಂದು ನಕ್ಕರು. ನಾಚಿಕೆ ಎನ್ನುವುದು ಆ ಮನುಷ್ಯನ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ. ಕೋಣೆಯ ಬಾಗಿಲು ಎಷ್ಟು ಅಗಲ ಎಂದೂ ವಿಚಾರಿಸಿದರು. ಕಂಬಗಳು ಉದ್ದವಂತೆ.

ಅಧಿಕಾರಿ ಬರಲು ಒಪ್ಪಿದರು. ಹಾಗಾದರೆ ವೃತ್ತ? ಪ್ರಶಸ್ತಿ ಮಂಡಳದವರು ಜಂತ್ರಡಿಯಲ್ಲಿ ಫೋಟೋ ತೆಗೆಸಿಕೊಂಡು, ಹನ್ನೊಂದೂವರೆಯೊಳಗೆ ಕಾರಿನಲ್ಲಿ ಪಂಚಾಯಿತಿ ಕಚೇರಿಯ ಪಕ್ಕದ ತಮ್ಮ ಮೈದಾನಕ್ಕೆ ಹೋಗಿ ಮುಖ ತೋರಿಸಿಬಿಡುತ್ತಾರೆ. ಅವರಿಗೆ ಅದು ನೀರು ಕುಡಿದಷ್ಟು ಸಲೀಸು. ಗಜನಿಯವರಿಗೆ ಕಾರಿಲ್ಲ, ಜಂತ್ರಡಿ ಬಿಟ್ಟು ಹೋಗುವಂತೆಯೂ ಇಲ್ಲ. ಅಂದರೆ ತಮ್ಮ ದಂಡೆಯ ಮೇಲೆ ಎಲ್ಲರಿಗೂ ಜಾಗ ಕೊಟ್ಟು ತಾವು ಮಾತ್ರ ಗೈರುಹಾಜರಿ. ಜಯಂತಿಯ ಹಿಂದಿನ ಸಂಜೆ ಕಚೇರಿಯ ಬಾಗಿಲು ಹಾಕುವ ಮೊದಲು ನಾನು ಆ್ಯಪು ತೆರೆದು ವೃತ್ತವನ್ನು ಎಳೆದು ಜಂತ್ರಡಿಯ ಮೇಲೆ ತಂದು ಬಿಟ್ಟೆ. ಒಪ್ಪಿಗೆ ಇದೆಯೇ ಎಂದು ಆ್ಯಪು ಕೇಳಿತು. ಹೌದು ಎಂದು ಒತ್ತಿದೆ. ಆ ಕಾರ್ಯಕ್ರಮದಲ್ಲಿ ಎಷ್ಟೋ ಸುಳ್ಳುಗಳಿಗೆ ಸಹಿ ಹಾಕಿದ್ದೆ, ಮನಸ್ಸಿಗೆ ಹಿತವಾದ ಸುಳ್ಳು ಅದೊಂದೇ.

ಮಾರನೆಯ ದಿನ ಬೆಳಗಿನ ಜಾವದಲ್ಲೇ ಇಳಿತ ಮುಗಿದಿತ್ತು. ಮಳೆ ಹಿಂದೆ ಸರಿದು ಹೊಳೆಯ ನೀರು ಉಪ್ಪಾಗುವ ಕಾಲ, ಗದ್ದೆಯಲ್ಲಿ ಪೈರು ಹೊಡೆ ಬಿಚ್ಚಿ ತೆನೆ ಹಾಕುತ್ತಿತ್ತು. ಕೆಲಸಕ್ಕೆ ಹೋಗಬೇಕಾದ ಸದಸ್ಯರನ್ನೆಲ್ಲ ಕಾರ್ಯದರ್ಶಿ ಹೇಗೋ ಹಿಡಿದು ನಿಲ್ಲಿಸಿಕೊಂಡಿದ್ದಳು. ಮೀನು ಬೋಟಿಗೆ ಹೋಗುವ ಇಬ್ಬರು ಒಂದು ದಿನದ ಕೆಲಸ ಬಿಟ್ಟಿದ್ದರು. ಹಲಗೆಗಳನ್ನು ಭದ್ರವಾಗಿ ಇಳಿಸಿ ಮಣ್ಣು ಮೆತ್ತಿಯಾಗಿತ್ತು. ಹೊಳೆ ಏರತೊಡಗಿತ್ತು. ಮಾಡಲು ಕೆಲಸವಿರಲಿಲ್ಲ, ಮುಖ ತೋರಿಸುವುದಷ್ಟೇ ಬಾಕಿ.

ಹತ್ತೂವರೆಗೆ ಹಾಜರಿ ಶುರು ಮಾಡೋಣವೆಂದರೆ ಅಧ್ಯಕ್ಷರು ಬಿಡಲಿಲ್ಲ. ಸಾಹೇಬರು ಬರದೆ ಶುರು ಮಾಡುವುದು ಅವಮರ್ಯಾದೆಯಂತೆ, ಆ್ಯಪಿನ ಮೊದಲ ಫೋಟೋದಲ್ಲಿ ಸಾಹೇಬರು ಇರಬೇಕಂತೆ. ಅವರ ಮಂಡಳದವರು ಬಿಳಿ ಟೀ ಶರ್ಟು ಹಾಕಿ ದಂಡೆಯ ಒಣ ಭಾಗದಲ್ಲಿ ಪೊರಕೆ ಹಿಡಿದು ನಿಂತಿದ್ದರು. ಕೆಸರಿನ ದಂಡೆಯನ್ನು ಗುಡಿಸಲು ಪೊರಕೆ ತಂದ ಜಾಣರು. ಸಾಹೇಬರು ಬಂದಾಗ ಹನ್ನೊಂದು ದಾಟಿತ್ತು. ಹಾರ, ಸ್ವಾಗತ, ಮತ್ತೆ ಹಾರ. ನಾನು ಗಡಿಯಾರ ನೋಡುತ್ತ ನಿಂತಿದ್ದೆ.

ಆಗ ಅಧ್ಯಕ್ಷರು ಕಿಸೆಯಿಂದ ಕೆಂಪು ರಿಬ್ಬನ್ ತೆಗೆದರು. ಅದನ್ನು ಜಂತ್ರಡಿಯ ಎರಡು ಕಂಬಗಳ ನಡುವೆ ಕಟ್ಟಿಸಿದರು. ಅಜ್ಜನ ಕಾಲದಿಂದ ಇರುವ ಜಂತ್ರಡಿಗೆ ಉದ್ಘಾಟನೆ.

"ಸಾಹೇಬ್ರು ರಿಬ್ಬನ್ ಕತ್ತರಿಸಿ ಒಂದು ಹಲಗೆ ಎತ್ತಬೇಕು," ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು.

"ಹಲಿಗೆ ಮುಟ್ಬ್ಯಾಡಿ, ಭರತ ಏರ್ತದೆ," ಎಂದಳು ಕಾರ್ಯದರ್ಶಿ. ಅವಳ ಬಳಿ ಮೈಕಿರಲಿಲ್ಲ. ನಾನೂ ಮುಂದೆ ಹೋಗಿ ಹೇಳಿದೆ. ಸಾಹೇಬರು ಒಂದು ಫೋಟೋಕ್ಕೆ ಎಷ್ಟು ನೀರು ಬರುತ್ತದೆ ಎಂಬಂತೆ ಕೈಬೀಸಿದರು. ರಿಬ್ಬನ್ ಕತ್ತರಿಸಿದರು. ಬಿಳಿ ಟೀ ಶರ್ಟಿನ ಇಬ್ಬರು ಹಗ್ಗ ಹಾಕಿ ಮೇಲಿನ ಹಲಗೆಯನ್ನು ಜಗ್ಗಿದರು. ಅದರೊಡನೆ ಎರಡನೆಯದೂ ಕಿತ್ತು ಬಂತು. ಚಪ್ಪಾಳೆ ಬಿತ್ತು. ಹೊಳೆ ಒಳಗೆ ನುಗ್ಗಿತು.

ಆಮೇಲೆ ಆದದ್ದನ್ನು ಯಾರೂ ಹೇಳಿ ಮಾಡಿಸಲಿಲ್ಲ. ಗಜನಿ ಮಂಡಳದವರೆಲ್ಲ ಇದ್ದ ಬಟ್ಟೆಯಲ್ಲೇ ನೀರಿಗಿಳಿದರು. ಕೆಲವರು ಗದ್ದೆಯ ಕಡೆಯಿಂದ ಬೆನ್ನು ಕೊಟ್ಟು ಉಳಿದ ಹಲಗೆಗಳನ್ನು ತಡೆದು ನಿಂತರು, ಕೆಲವರು ಕೋಣೆಗೆ ಓಡಿ ಬೇರೆ ಹಲಗೆ, ಹುಲ್ಲು ತಂದರು. ನೀರಿನ ರಭಸಕ್ಕೆ ಹಲಗೆ ಕಚ್ಚಿನಲ್ಲಿ ಕೂರಲೊಲ್ಲದು. ಇಬ್ಬರು ಅದರ ಮೇಲೆ ನಿಂತು ತುಳಿದು ಇಳಿಸಬೇಕಾಯಿತು. ಮೈಯೆಲ್ಲ ಕೆಸರು. ಬಿಳಿ ಟೀ ಶರ್ಟಿನವರು ಕೆಸರು ಸಿಡಿಯುವುದನ್ನು ಕಂಡು ಹಿಂದೆ ಸರಿದರು, ಮತ್ತೂ ಹಿಂದೆ ಸರಿದು ಕಾರು ಹತ್ತಿದರು. ಸಾಹೇಬರ ಕಾರು ಎಲ್ಲರಿಗಿಂತ ಮೊದಲು ಹೊರಟಿತ್ತು. ಮೈಕನ್ನು ಆಫ್ ಮಾಡಲು ಯಾರಿಗೂ ನೆನಪಾಗಲಿಲ್ಲ, ಅದು ಗುಂಯ್ ಎನ್ನುತ್ತಲೇ ಇತ್ತು.

ಆ್ಯಪಿನ ಬಾಗಿಲು ಮುಚ್ಚಲು ಕೆಲವೇ ನಿಮಿಷ. ದಂಡೆಗೆ ಹತ್ತಿದವರ ಮುಖಕ್ಕೆ ಮೊಬೈಲು ಹಿಡಿದೆ. ಮುಖ ಗುರುತಿಸಲಾಗಲಿಲ್ಲ ಎಂದಿತು. ಕೆಸರು ಮೆತ್ತಿದ ಮುಖ ಅದಕ್ಕೆ ಮುಖವೇ ಅಲ್ಲ. "ಮುಖ ತೊಳ್ಕೊಳ್ರೋ," ಎಂದು ನಾನು ಕಿರುಚಿದೆ. ಅವರು ಹೊಳೆಯ ನೀರನ್ನೇ ಎರಚಿಕೊಂಡು ಒಬ್ಬೊಬ್ಬರಾಗಿ ಬಂದು ಕಣ್ಣು ಮಿಟುಕಿಸಿ ಮತ್ತೆ ನೀರಿಗೆ ಧುಮುಕಿದರು. ಬೋಟಿನವನೊಬ್ಬ ಉಪ್ಪುನೀರು ಹೊಕ್ಕ ಕಣ್ಣನ್ನು ಮುಚ್ಚಿಯೇ ಇದ್ದ, ಅವನ ಕಣ್ಣು ತೆರೆಸಲು ಇನ್ನೊಬ್ಬ ಬೈಯಬೇಕಾಯಿತು.

ಅರ್ಧ ದಾಟಲು ಇನ್ನೊಂದೇ ಮುಖ ಬೇಕಿತ್ತು. ಉಳಿದವರೆಲ್ಲ ಹಲಗೆಗೆ ಮೈ ಕೊಟ್ಟು ನಿಂತವರು. ಬಿಟ್ಟರೆ ಮತ್ತೆ ಕಿತ್ತು ಹೋಗುತ್ತದೆ. ದಂಡೆಗೆ ಹತ್ತಿರವಿದ್ದವಳು ಕಾರ್ಯದರ್ಶಿ. ಎದೆಮಟ್ಟದ ನೀರಿನಲ್ಲಿ ಹಲಗೆಗೆ ಬೆನ್ನು ಆನಿಸಿದ್ದಳು.

"ಮೇಲೆ ಬಾ," ಎಂದೆ. "ನಿನ್ನದೊಂದು ಬಿದ್ರೆ ಕೋಣೆ ಉಳೀತು."

"ಕೋಣೆ ಉಳಿಸೂಕೆ ಗದ್ದೆ ಬಿಡೂಕಾಗ್ತದಾ? ನೀವೇ ಇಳೀರಿ."

ಚಪ್ಪಲಿ ಬಿಟ್ಟು ಇಳಿದೆ. ನೀರು ನನ್ನ ಸೊಂಟಕ್ಕೆ, ಮತ್ತೆ ಅದಕ್ಕೂ ಮೇಲೆ ಬಂತು. ಒಂದು ಕೈಯಲ್ಲಿ ಮೊಬೈಲು ಎತ್ತಿ ಹಿಡಿದು ಅವಳ ಹತ್ತಿರ ಹೋದೆ. ಅವಳ ಕೆನ್ನೆಯ ಕೆಸರನ್ನು ನನ್ನ ವೇಲಿನ ತುದಿಯಿಂದ ಒರೆಸಿದೆ. ಕಣ್ಣು ಮಿಟುಕಿಸಿ ಎಂದು ಆ್ಯಪು ಕೇಳಿತು.

"ಮಿಟುಕ್ಸೂದು ಇರ್ಲಿ. ನನ್ನ ಬೆನ್ನಿನ ಹಲಿಗೆ ಮೇಲೇಳ್ತದೆ. ನೀವು ಹತ್ತಿ ತುಳೀರಿ, ಜೋರಾಗಿ ತುಳೀರಿ ಅಕ್ಕೋರೆ."

ನಾನು ಹಲಗೆಯ ಮೇಲೆ ಹತ್ತಿ ತುಳಿದೆ. ಹಲಗೆ ಒಂದಿಷ್ಟು ಕೆಳಗೆ ಕೂತಿತು. ಅವಳು ಮಿಟುಕಿಸಿದಳು. ಹಾಜರಿ ಸ್ವೀಕರಿಸಲಾಗಿದೆ ಎಂದು ಹಸಿರು ಬಣ್ಣದಲ್ಲಿ ಬಂತು. ಸ್ವಲ್ಪ ಹೊತ್ತಿಗೆ ಹೊತ್ತು ಮುಗಿಯಿತೆಂದು ಆ್ಯಪು ತಾನೇ ಮುಚ್ಚಿಕೊಂಡಿತು. ಹಲಗೆ ಪೂರ್ತಿ ಕೂರುವವರೆಗೆ ನಾನು ಅಲ್ಲೇ ತುಳಿಯುತ್ತ ನಿಂತಿದ್ದೆ.

ತಗ್ಗಿನ ಗದ್ದೆಗಳಲ್ಲಿ ಉಪ್ಪುನೀರು ನಿಂತಿತ್ತು. ಅಲ್ಲಿಯ ಹೊಡೆ ಜೊಳ್ಳಾಯಿತು. ಅದರಲ್ಲಿ ಕಾರ್ಯದರ್ಶಿಯ ಮನೆಯ ಗದ್ದೆಯೂ ಒಂದು. ಮೇಲಿನದೆಲ್ಲ ಉಳಿಯಿತು.

ಗಜನಿ ಮಂಡಳದ ಉಳಿದೆರಡು ಕಾರ್ಯಕ್ರಮಗಳೂ ಜಂತ್ರಡಿಯ ವೃತ್ತದಲ್ಲೇ ಮುಗಿದವು. ಅವು ಬಿದ್ದ ದಿನಗಳಲ್ಲಿ ಇಳಿತ ನಮಗೆ ಅನುಕೂಲವಾಗಿತ್ತು. ಮಾನ್ಯತೆ ಉಳಿಯಿತು, ಕೋಣೆಯೂ ಉಳಿಯಿತು. ಪ್ರಶಸ್ತಿ ಮಂಡಳದವರು ಅಂದು ಮೈದಾನ ತಲುಪುವುದರೊಳಗೆ ಹೊತ್ತು ಮೀರಿತ್ತು. ಆದರೆ ಅವರ ಗೈರುಹಾಜರಿಗೆ ನೈಸರ್ಗಿಕ ವಿಕೋಪ ಎಂದು ವಿಶೇಷ ವಿನಾಯಿತಿ ಸಿಕ್ಕಿತು. ಆ ವರ್ಷವೂ ಪ್ರಶಸ್ತಿ ಅವರಿಗೇ ಬಂತು. ವಾರ್ಷಿಕ ಪುಸ್ತಕದಲ್ಲಿ ಸಾಹೇಬರು ಕತ್ತರಿ ಹಿಡಿದ ಫೋಟೋ ಇದೆ, ಯುವಜನರಿಂದ ನೂತನ ಜಂತ್ರಡಿ ಎಂದು ಕೆಳಗೆ ಬರೆದಿದ್ದಾರೆ. ನನಗೆ ಒಪ್ಪಿಗೆಯಿಲ್ಲದೆ ವೃತ್ತ ಸರಿಸಿದ್ದಕ್ಕೆ ನೋಟೀಸು ಬಂತು. ನನ್ನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆಂದು ಅದರಲ್ಲೇ ತಿಳಿಸಿದ್ದರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ. ನಾನು ಆ ಪುಸ್ತಕವನ್ನು ಸ್ಕೂಟರಿನ ಸೀಟು ಒರೆಸಲು ಇಟ್ಟುಕೊಂಡೆ.

ಕೊಯ್ಲು ಮುಗಿದ ಮೇಲೆ ದಂಡೆ ರಿಪೇರಿ ಇದೆ, ಬನ್ನಿ ಎಂದು ಕಾರ್ಯದರ್ಶಿ ಫೋನು ಮಾಡಿದಳು. ಈ ಸಲ ವರದಿಗಲ್ಲ, ಬ್ಯಾನರೂ ಬೇಡ. ಹಳೆಯ ಚೂಡಿದಾರ ಹಾಕಿಕೊಂಡು ನಸುಕಿನಲ್ಲೇ ಹೊರಟೆ. ಹೆದ್ದಾರಿಯಲ್ಲಿ ಒಂದು ಲಾರಿ ಅಡ್ಡ ನಿಂತು ತಡವಾಯಿತು. ನಾನು ದಂಡೆಗೆ ತಲುಪಿದಾಗ ಊರಗೌಡರು ಕೂಗಿ ಮುಗಿಸಿ ಕಲ್ಲಿನಿಂದ ಏಳುತ್ತಿದ್ದರು.

"ಬಂದೆ," ಎಂದೆ ನಾನು, ಏದುಸಿರಿನಲ್ಲಿ.

ಗೌಡರು ನನ್ನನ್ನು ನೋಡಿದರು. ನಕ್ಕರು ಕೂಡ. "ಕೂಗಿ ಆತು ಅಕ್ಕೋರೆ," ಎಂದರು. "ಕೆಲ್ಸ ಮಾಡೂದಾದ್ರೆ ಮಾಡಿ. ಹಾಜ್ರಿ ಇಲ್ಲ."

ಮೂರು ತಾಲೂಕಿನಲ್ಲಿ ಬಾರದವರಿಗೆಲ್ಲ ಹಾಜರಿ ಕೊಟ್ಟವಳು ನಾನು. ಲಾರಿಯ ವಿಷಯ ಹೇಳಲು ಬಾಯಿ ತೆರೆದೆ. ಹಿಂದೊಮ್ಮೆ ಇಲ್ಲೇ ಓಡುತ್ತ ಬಂದ ಯುವಕ ಎದುರಿಗೆ ಬುಟ್ಟಿ ಹಿಡಿದು ನಿಂತಿದ್ದ. ಅವನ ಕೈಯಿಂದ ಬುಟ್ಟಿ ತೆಗೆದುಕೊಂಡು ಭರತ ಏರುವವರೆಗೂ ಮಣ್ಣು ಹೊತ್ತೆ. ದಂಡೆಯಿಂದ ಹತ್ತಿ ಬರುವಾಗ, ಗೌಡರು ಮತ್ತೆ ಹೆಸರು ಕೂಗುವ ಇಳಿತ ಯಾವಾಗ ಎಂದು ಕಾರ್ಯದರ್ಶಿಯನ್ನು ಕೇಳಿದೆ.

"ನಾಳೆ ಬೆಳಿಗ್ಗೆ, ಇವತ್ತಿಗಿಂತ ಚೂರು ತಡ," ಎಂದಳು. "ಹೊನ್ನಾವರದಿಂದ ಬರೂದಾದ್ರೆ ಮತ್ತೆ ತಪ್ತದೆ. ರಾತ್ರಿ ಇಲ್ಲೇ ಉಳೀರಿ. ಇವತ್ತು ನಮ್ಮನೆ ಪಾಳಿ, ಕೋಣೆ ಅದೆ ಅಲ್ದಾ."

ನಾನು ಉಳಿದೆ.